ಮಳೆಗಾಲದ ಕತ್ತಲೆಗೆ ಒಂದು ಬಕ್ ಕನ್ವರ್ಟರ್

ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಕರೆಂಟನ್ನು ನಂಬುವ ಹಾಗಿಲ್ಲ. ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ. ತೋಟದ ನಡುವಿನ ಒಂಟಿ ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಫೋನ್ ಸತ್ತು ಕೂರಬಾರದು, ಅಲ್ವಾ? ಯುಪಿಎಸ್‌ನಲ್ಲಿ ಬರುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇದ್ದರೆ ಫೋನು, ಯುಎಸ್‌ಬಿ ದೀಪ ಎರಡೂ ನಡೆಯುತ್ತವೆ. 12 ವೋಲ್ಟನ್ನು ಯುಎಸ್‌ಬಿಗೆ ಬೇಕಾದ 5ಕ್ಕೆ ಇಳಿಸಬೇಕು, ಅಷ್ಟೇ.

ಹಲವರು ಇದಕ್ಕೆ ಮೂರು ಕಾಲಿನ 7805 ರೆಗ್ಯುಲೇಟರ್ ಚಿಪ್ ಹಾಕುತ್ತಾರೆ. ಅದು ಹೆಚ್ಚಿನ 7 ವೋಲ್ಟನ್ನು ಸುಮ್ನೆ ಬಿಸಿ ಮಾಡಿ ಕಳೆಯುತ್ತದೆ. 1 ಆಂಪಿಯರ್ ಎಳೆದರೆ ಕೆಲಸಕ್ಕೆ 5 ವ್ಯಾಟ್, ಶಾಖಕ್ಕೆ 7 ವ್ಯಾಟ್. ವೋಲ್ಟೇಜ್ ಇಳಿಸುವ ಇನ್ನೊಂದು ಬಗೆಯ ಸರ್ಕ್ಯೂಟ್ ಆದ ಬಕ್ ಕನ್ವರ್ಟರ್ ಹಾಗಲ್ಲ. ಅದರಲ್ಲಿರುವ ಎಲ್‌ಎಂ2596 ಚಿಪ್‌ನ ಒಳಗಿನ ಸ್ವಿಚ್ ಸೆಕೆಂಡಿಗೆ ಒಂದೂವರೆ ಲಕ್ಷ ಸಲ ತೆರೆದು ಮುಚ್ಚುತ್ತದೆ. ಹಾಗೆ ಬಿಟ್ಟು ಬಿಟ್ಟು ಬರುವ ಕರೆಂಟನ್ನು ಕಾಯಿಲ್ ಮತ್ತು ಕೆಪಾಸಿಟರ್ ಸಮ ಮಾಡುತ್ತವೆ. ಅಬ್ಬಿ ನೀರನ್ನು ಬಿಟ್ಟು ಬಿಟ್ಟು ಹಂಡೆಗೆ ತುಂಬಿಸಿ, ಹಂಡೆಯಿಂದ ಒಂದೇ ಸಮ ಹರಿಸಿದ ಹಾಗೆ. 80 ಶೇಕಡಾ ದಕ್ಷತೆ ಸಿಕ್ಕರೂ ಬ್ಯಾಟರಿಯಿಂದ ಹೋಗುವುದು 7805ರ ಹಾಗೆ 1 ಆಂಪಿಯರ್ ಅಲ್ಲ, ಅರ್ಧ ಆಂಪಿಯರ್‌ನ ಆಸುಪಾಸು. ಅದೇ ಬ್ಯಾಟರಿ ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು ಬರುತ್ತದೆ.

ಈ ಚಿಪ್, ಕಾಯಿಲ್, ಕೆಪಾಸಿಟರ್ ಎಲ್ಲಾ ಒಂದೇ ಬೋರ್ಡಿನಲ್ಲಿ ಜೋಡಿಸಿದ ಎಲ್‌ಎಂ2596 ಮಾಡ್ಯೂಲ್ ಸಿಗುತ್ತದೆ. ಮೊದಲು ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ 2 ಆಂಪಿಯರ್ ಫ್ಯೂಸ್ ಹಾಕಿ. ಆಮೇಲೆ ಒಂದು ಸ್ವಿಚ್. ಕೆಲಸವಿಲ್ಲದಾಗಲೂ ಮಾಡ್ಯೂಲ್ 5ರಿಂದ 10 ಮಿಲಿಆಂಪಿಯರ್ ಕುಡಿಯುತ್ತದೆ, ತಿಂಗಳು ಮರೆತರೆ ಬ್ಯಾಟರಿ ಅರ್ಧ ಅಥವಾ ಪೂರ್ತಿ ಖಾಲಿ. ನಂತರ 'ಇನ್' ಕಡೆಗೆ ಪ್ಲಸ್, ಮೈನಸ್ ಬೆಸುಗೆ ಹಾಕಿ. ಉಲ್ಟಾ ಕೊಟ್ಟರೆ ಚಿಪ್ ಹೋಗುತ್ತದೆ, ಎರಡು ಸಲ ನೋಡಿ.

ಇನ್ನು ಮುಖ್ಯವಾದ ಹೆಜ್ಜೆ. 'ಔಟ್' ಕಡೆ ಏನನ್ನೂ ಜೋಡಿಸದೆ ಮಲ್ಟಿಮೀಟರ್ ಹಿಡಿಯಿರಿ. ಹೊಸ ಮಾಡ್ಯೂಲ್ 5 ವೋಲ್ಟ್‌ಗೇ ಇರುತ್ತದೆ ಎಂದು ದಯವಿಟ್ಟು ನಂಬಬೇಡಿ. ನಾನು ಹಾಗೆ ನಂಬಿ ಒಂದು ದೀಪ ಸುಟ್ಟಿದ್ದೇನೆ. ಮಾಡ್ಯೂಲ್ ಮೇಲಿರುವ ನೀಲಿ ಪೆಟ್ಟಿಗೆಯ ಹಿತ್ತಾಳೆ ತಿರುಪನ್ನು ಸಾಮಾನ್ಯವಾಗಿ ಎಡಕ್ಕೆ ತಿರುಗಿಸಿದರೆ ವೋಲ್ಟೇಜ್ ಇಳಿಯುತ್ತದೆ. ಎಷ್ಟೋ ಸುತ್ತು ಏನೂ ಆಗದೆ, ಆಮೇಲೆ ತಟ್ಟನೆ ಇಳಿಯಬಹುದು. ತಾಳ್ಮೆ ಬೇಕು. 5.1ಕ್ಕೆ ನಿಲ್ಲಿಸಿ, ತಿರುಪು ಅಲುಗದ ಹಾಗೆ ಅದರ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿ.

ಈಗ 'ಔಟ್' ಕಡೆಗೆ ಯುಎಸ್‌ಬಿ ಸಾಕೆಟ್ ಜೋಡಿಸಿ. ಅದರ ನಡುವಿನ ಎರಡು ಡೇಟಾ ಕಾಲುಗಳನ್ನು ಒಂದಕ್ಕೊಂದು ಸೇರಿಸಿದರೆ ಹೆಚ್ಚಿನ ಫೋನ್‌ಗಳು ಇದನ್ನು ಚಾರ್ಜರ್ ಎಂದು ಗುರುತಿಸಿ ಜಾಸ್ತಿ ಕರೆಂಟ್ ತೆಗೆದುಕೊಳ್ಳುತ್ತವೆ. ಮೊದಲು ದೀಪ ಹಚ್ಚಿ ನೋಡಿ, ಮತ್ತೆ ವೋಲ್ಟೇಜ್ ಅಳೆಯಿರಿ, ಆಮೇಲೆ ಫೋನ್. ಬ್ಯಾಟರಿ 11.5 ವೋಲ್ಟ್‌ಗೆ ಇಳಿದರೆ ನಿಲ್ಲಿಸಿ.

ನಮ್ಮ ತೇವಕ್ಕೆ ತಾಮ್ರ ಹಸಿರುಗಟ್ಟುತ್ತದೆ. ಮಾಡ್ಯೂಲನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಗೋಡೆಯಿಂದ ದೂರ ಇಡಿ. ರೇಡಿಯೊದಲ್ಲಿ ಭದ್ರಾವತಿ ಆಕಾಶವಾಣಿಯ ಮೀಡಿಯಂ ವೇವ್ ಕೇಳುವಾಗ ಗುಂಯ್‌ಗುಟ್ಟಿದರೆ ಅದು ಚಿಪ್ ಒಳಗಿನ ಸ್ವಿಚ್‌ನದೇ ಸದ್ದು. ತಂತಿ ಗಿಡ್ಡ ಮಾಡಿ, ಡಬ್ಬಿಯನ್ನು ಎರಡು ಮಾರು ದೂರ ಸರಿಸಿ.