ಮಾರುವ ಮನೆಗೆ ಅಂಗಳ ಸರಿಮಾಡಿದ್ದು: ಉಡುಪಿ ಕಡೆಯ ನನ್ನ ಅನುಭವ

ನಮ್ಮ ಕಡೆ ಮನೆ ನೋಡಲು ಬರುವವರು ಮೊದಲು ಒಳಗೆ ಬರುವುದಿಲ್ಲ. ಗೇಟು ದಾಟಿ ಸೀದಾ ಬಾವಿ ಹತ್ತಿರ ಹೋಗುತ್ತಾರೆ. ಬಗ್ಗಿ ನೋಡುತ್ತಾರೆ. "ಮೇ ತಿಂಗಳಲ್ಲಿ ನೀರು ಉಂಟಾ ಅಕ್ಕಾ?" ಅಂತ ಕೇಳುತ್ತಾರೆ. ಆಮೇಲೆ ಜಾಗದ ಮೂಲೆಗಳು, ಆಮೇಲೆ ತೆಂಗಿನಮರ, ಅಡುಗೆಮನೆ ಎಲ್ಲ ಕೊನೆಗೆ. ಹಾಗಾಗಿ ಕಟಪಾಡಿ ಹತ್ತಿರದ ಅಪ್ಪ ಅಮ್ಮನ ಮನೆ ಮಾರುವುದು ಅಂತ ಆದಾಗ ಪೈಂಟಿಂಗ್ ಕೆಲಸ ಅಣ್ಣನಿಗೆ ಬಿಟ್ಟು ಅಂಗಳ, ಹಿತ್ತಿಲು ನಾನು ವಹಿಸಿಕೊಂಡೆ. 12 ಸೆಂಟ್ಸ್ ಜಾಗ, ಹಂಚಿನ ಮನೆ, ಕೆಂಪುಕಲ್ಲಿನ ಬಾವಿ, ನಾಲ್ಕು ತೆಂಗು, ಒಂದು ಹಲಸು, ಅಮ್ಮನ ಮಲ್ಲಿಗೆ ಗಿಡಗಳು. ಸ್ವಲ್ಪ ಕಾಲ ಯಾರೂ ಇರಲಿಲ್ಲ. ಪಾಗಾರ (ಕಂಪೌಂಡ್ ಗೋಡೆ) ಕಾಣದ ಹಾಗೆ ಕಾಡು ಬೆಳೆದಿತ್ತು.

ಬ್ರೋಕರ್ ಹೇಳಿದ್ದು ಒಂದೇ ಮಾತು: ಜೆಸಿಬಿ ತರಿಸಿ ಎಲ್ಲ ಕ್ಲೀನ್ ಮಾಡಿ, ಇಂಟರ್‌ಲಾಕ್ ಹಾಕಿಸಿ, ಮುಂದೆ ಸ್ವಲ್ಪ ಲಾನ್ ಇರಲಿ. ಅಣ್ಣನಿಗೂ ಅದು ಸರಿ ಅನಿಸಿತ್ತು. ನಾನು ಒಪ್ಪಲಿಲ್ಲ. ಇಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 1000 ಚದರ ಅಡಿ ಮಾಡಿನ (ಛಾವಣಿಯ) ಮೇಲೆ ವರ್ಷಕ್ಕೆ 3 ಲಕ್ಷ ಲೀಟರ್‌ಗಿಂತ ಹೆಚ್ಚು ನೀರು ಬೀಳುತ್ತದೆ, ಲೆಕ್ಕ ಹಾಕಿ ನೋಡಿ. ಅಷ್ಟು ನೀರು ಇಂಗುವ ಅಂಗಳವನ್ನು ಪೂರ್ತಿ ಮುಚ್ಚಿಬಿಟ್ಟರೆ ಬಾವಿಗೆ ಏನು ಸಿಗುತ್ತದೆ? ಜೆಸಿಬಿ ಕೆರೆದರೆ ಮೇಲಿನ ಒಳ್ಳೆ ಮಣ್ಣು ಹೋಗುತ್ತದೆ. ಲಾನ್‌ಗೆ ಬೇಸಿಗೆಯಲ್ಲಿ ದಿನಾ ನೀರು ಬೇಕು, ಬೀಗ ಹಾಕಿದ ಮನೆಯಲ್ಲಿ ಹಾಕುವವರು ಯಾರು? ಹಾಗಾಗಿ ಹೊಸ ತೋಟ ಮಾಡುವುದು ಬೇಡ, ಇರುವ ಜಾಗ ಸರಿಯಾಗಿ ಕಾಣುವಂತೆ ಮಾಡೋಣ, ಮಳೆಯ ನೀರು ಎಲ್ಲಿ ಹೋಗುತ್ತದೆ ಅಂತ ಬಂದವರಿಗೆ ಕಣ್ಣಿಗೆ ಕಾಣಲಿ ಅಂತ ನಾನು ಹಟ ಹಿಡಿದೆ.

ಕಾಲ ನೋಡಿಕೊಳ್ಳಬೇಕು. ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಇಂಥ ಶುಭದ ಮಾತು ಎತ್ತುವವರು ಕಡಿಮೆ, ಮಳೆಯಲ್ಲಿ ಅಂಗಳಕ್ಕೆ ಇಳಿಯುವಂತೆಯೂ ಇಲ್ಲ. ದೀಪಾವಳಿ ಕಳೆದ ಮೇಲೆ ಜನ ಬರಲು ಶುರು. ಡಿಸೆಂಬರ್ ರಜೆಗೆ ಮುಂಬೈಯವರು, ಗಲ್ಫ್‌ನವರು ಊರಿಗೆ ಬರುತ್ತಾರೆ. ಅದಕ್ಕೆ ನಾನು ಮಳೆ ಸ್ವಲ್ಪ ಬಿಟ್ಟ ಕೂಡಲೇ, ಮಣ್ಣು ಇನ್ನೂ ಮೆತ್ತಗಿರುವಾಗಲೇ ಕೆಲಸಕ್ಕೆ ಇಳಿದೆ. ಕಮ್ಯುನಿಸ್ಟ್ ಗಿಡ, ನಾಚಿಕೆ ಮುಳ್ಳಿನಂಥ ಕಳೆಗಳೆಲ್ಲ ಆಗ ಬೇರುಸಮೇತ ಬರುತ್ತವೆ. ಮಣ್ಣು ಗಟ್ಟಿಯಾದ ಮೇಲೆ ಕತ್ತಿಯಲ್ಲಿ ಸವರಬಹುದು ಅಷ್ಟೇ, ಪುನಃ ಚಿಗುರುತ್ತದೆ. ಕಮ್ಯುನಿಸ್ಟ್ ಗಿಡ ಹೂ ಬಿಟ್ಟು ಬೀಜ ಹಾರುವ ಮೊದಲೇ ಕಿತ್ತರೆ ಮುಂದಿನ ವರ್ಷದ ಅರ್ಧ ಕೆಲಸ ಉಳಿಯುತ್ತದೆ.

ಮೊದಲು ಗಡಿ. ನಾಲ್ಕು ಮೂಲೆಯ ಗಡಿಕಲ್ಲು ಹುಡುಕಿ, ಸುತ್ತ ಮೂರಡಿ ಬಿಡಿಸಿ, ಕಲ್ಲಿಗೆ ಬಿಳಿ ಸುಣ್ಣ ಬಳಿದೆ. ಖರ್ಚು ಏನೂ ಇಲ್ಲದ ಕೆಲಸ ಇದು, ಆದರೆ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಬಂದವರು ನಕ್ಷೆ ಕೈಯಲ್ಲಿ ಹಿಡಿದು ಕಲ್ಲಿನಿಂದ ಕಲ್ಲಿಗೆ ನಡೆದು ನೋಡಬಹುದು. ಪೊದೆಯಲ್ಲಿ ಮುಚ್ಚಿದ ಮೂಲೆ ಕಂಡರೆ ಪಕ್ಕದವರ ಜೊತೆ ತಕರಾರು ಉಂಟೇನೋ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಹಿತ್ತಿಲಲ್ಲಿ ಒಡೆದ ಹಂಚು, ಕೊಳೆತ ಮಡಲು (ತೆಂಗಿನ ಗರಿ), ಗೆರಟೆಯ (ತೆಂಗಿನ ಚಿಪ್ಪಿನ) ರಾಶಿ ಇತ್ತು. ಹಾವು ಸೇರುವುದು ಅಲ್ಲೇ, ನುಸಿ (ಸೊಳ್ಳೆ) ಹುಟ್ಟುವುದೂ ಅಲ್ಲೇ. ಎಲ್ಲ ತೆಗೆಸಿದೆ. ಒಳ್ಳೆಯ ಹಂಚುಗಳನ್ನು ಮಾತ್ರ ಒಂದು ಕಡೆ ಜೋಡಿಸಿ ಇಟ್ಟೆ. ಹಳೇ ಹಂಚಿನ ಮನೆ ತೆಗೆದುಕೊಳ್ಳುವವರಿಗೆ ಅದೇ ಅಳತೆಯ ಹಂಚು ಬೇಕಾಗುತ್ತದೆ.

ಇನ್ನು ನೀರು. ಮಾಡಿನ ನೀರು ಬೀಳುವಲ್ಲಿ ಮಣ್ಣು ಎಗರಿ ಗೋಡೆಯ ಬುಡ ಎಲ್ಲ ಕೆಂಪಾಗಿತ್ತು. ಅದರ ಮೇಲೆ ಎಷ್ಟು ಪೈಂಟ್ ಹೊಡೆದರೂ ಒಂದೇ ಮಳೆಗೆ ಮತ್ತೆ ಹಾಗೇ ಆಗುತ್ತದೆ. ಅಲ್ಲಿ ಎರಡಡಿ ಅಗಲಕ್ಕೆ ಮಣ್ಣು ತೆಗೆದು ಜಲ್ಲಿ ಹಾಕಿಸಿದೆ. ಈಗ ನೀರು ಜಲ್ಲಿಯ ಮೇಲೆ ಬಿದ್ದು ಕೆಳಗೆ ಇಳಿಯುತ್ತದೆ, ಗೋಡೆಗೆ ಕೆಸರು ಹಾರುವುದಿಲ್ಲ. ಅಂಗಳದಿಂದ ತೋಡಿಗೆ (ಸಣ್ಣ ಹಳ್ಳಕ್ಕೆ) ಹೋಗುವ ಚರಂಡಿ ಮುಚ್ಚಿಹೋಗಿತ್ತು. ಬಿಡಿಸಿ, ಇಳಿಜಾರು ಸರಿಮಾಡಿ, ಕೊಡದಲ್ಲಿ ನೀರು ಹೊಯ್ದು ಹರಿಯುತ್ತದಾ ಅಂತ ನೋಡಿದೆ. ಬಾವಿಯಿಂದ ಸ್ವಲ್ಪ ದೂರಕ್ಕೆ ಒಂದು ಇಂಗುಗುಂಡಿಯನ್ನೂ ತೆಗೆಸಿದೆ. ಕೆಸರು ನೀರು ಬಾವಿಗೆ ನೇರ ಇಳಿಯಬಾರದು, ಅದಕ್ಕೆ ದೂರ.

ಬಾವಿಕಟ್ಟೆಯ ಸಂದಿಯಲ್ಲಿ ಒಂದು ಅಶ್ವತ್ಥದ ಸಸಿ ಬೇರು ಬಿಟ್ಟಿತ್ತು. ಪಾಗಾರದಲ್ಲಿಯೂ ಇತ್ತು. ಇಂಥದ್ದನ್ನು ಚಿಕ್ಕದಿರುವಾಗಲೇ ತೆಗೆಯಬೇಕು, ಬೇರು ದಪ್ಪವಾದರೆ ಕಲ್ಲನ್ನೇ ಸೀಳುತ್ತದೆ. ಮೇಲೆ ಕಡಿದರೆ ಸಾಲದು. ಸಂದಿಯ ಗಾರೆ ಕೆರೆದು ಬೇರು ಎಳೆದು, ಸಿಮೆಂಟ್ ತುಂಬಿಸಿದೆ. ಬಾವಿಯೊಳಗಿನ ತರಗೆಲೆ ತೆಗೆಸಿ, ಮೇಲೆ ಬಲೆ ಹಾಕಿಸಿ, ರಾಟೆಗೆ ಎಣ್ಣೆ ಹಾಕಿ, ಹೊಸ ಹಗ್ಗ ಕಟ್ಟಿದೆ. ಪಂಪ್ ಇದ್ದರೂ ಬಂದ ಹಿರಿಯರು ಒಂದು ಕೊಡ ನೀರು ಸೇದಿ ಬಾಯಿಗೆ ಹಾಕಿಯೇ ನೋಡುತ್ತಾರೆ. ಕಡಲ ಕಡೆಯ ಜಾಗ ಅಂದರೆ ಉಪ್ಪಿನ ಹೆದರಿಕೆ ಎಲ್ಲರಿಗೂ ಇದೆ.

ಸಿಮೆಂಟಿನ ಮೆಟ್ಟಿಲಿಗೆ ಪಾಚಿ ಹಿಡಿದು ಜಾರುತ್ತಿತ್ತು. ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್‌ನಲ್ಲಿ ತಿಕ್ಕಿದೆ. ಆ ನೀರು ಬಾವಿ ಕಡೆಗೆ, ಗಿಡದ ಬುಡಕ್ಕೆ ಹೋಗದ ಹಾಗೆ ನೋಡಿಕೊಳ್ಳಿ. ಪಾಗಾರ ಮಾತ್ರ ಗಾರೆ ಮಾಡದ ಕೆಂಪುಕಲ್ಲು, ಅದಕ್ಕೆ ಪ್ರೆಶರ್ ಪಂಪ್ ಹೊಡೆಯಲು ಬಿಡಲಿಲ್ಲ. ಈ ಕಲ್ಲು ಮೆದು, ಜೋರು ನೀರಿಗೆ ಮೈ ಉದುರುತ್ತದೆ. ಹಿಡಿಸೂಡಿಯಲ್ಲಿ ಉಜ್ಜಿದ್ದೇ ಸಾಕಾಯಿತು.

ಮರದ ವಿಷಯಕ್ಕೆ ಬಂದರೆ, ತೆಂಗಿನ ತಲೆ ಬಿಡಿಸಿದ್ದು ದೊಡ್ಡ ಕೆಲಸ. ಒಣ ಮಡಲು, ಕೊತ್ತಳಿಗೆ (ಮಡಲಿನ ಬುಡ), ಬಲಿತ ಕಾಯಿ ಎಲ್ಲ ಇಳಿಸಿದ ಮೇಲೆ ಜನ ಮರದ ಕೆಳಗೆ ಧೈರ್ಯದಲ್ಲಿ ನಿಂತು ಮಾತಾಡುತ್ತಾರೆ. ಹಲಸಿನ ಒಂದು ಗೆಲ್ಲು ಮಾಡಿನ ಮೇಲೆ ಬಾಗಿತ್ತು, ಅಷ್ಟನ್ನು ತೆಗೆಸಿದೆ. ಇಡೀ ಮರ ಕಡಿಯಿರಿ ಅಂತ ಬ್ರೋಕರ್ ಹೇಳಿದರೂ ಕೇಳಲಿಲ್ಲ. ದೊಡ್ಡ ಮರ ಕಡಿಯಲೇಬೇಕು ಅಂತಿದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. 1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರವಾದರೂ ಹಲವು ಜಾತಿಗೆ ಅನುಮತಿ ಬೇಕು. ಮಾರುವ ಹೊತ್ತಿಗೆ ಸುಮ್ನೆ ಒಂದು ಕೇಸು ಯಾಕೆ?

ಹೂವಿಗೆ ಖರ್ಚು ಮಾಡಿದ್ದು ಬಹಳ ಕಡಿಮೆ. ಗೇಟಿನಿಂದ ಜಗಲಿಯವರೆಗೆ ಎರಡೂ ಬದಿ ಗೊಂಡೆ (ಚೆಂಡುಹೂ) ಸಸಿ ನೆಟ್ಟೆ. ಸುಡುಮಣ್ಣು, ಹಟ್ಟಿಗೊಬ್ಬರ ಹಾಕಿದರೆ ಒಂದೂವರೆ ತಿಂಗಳಿಗೆ ಹೂ ಬರುತ್ತದೆ. ದಾಸವಾಳ ಸವರಿದೆ. ಬಚ್ಚಲಿನ ಹಿಂದೆ ಹಳೇ ಬಸಳೆ ಚಪ್ಪರಕ್ಕೆ ಹೊಸ ಕಂಬ ಕೊಟ್ಟು, ಬುಡಕ್ಕೆ ಮಣ್ಣು ಏರಿಸಿದೆ. ಇದನ್ನು ತೆಗೆದುಬಿಡು ಅಂದಿದ್ದರು ಅತ್ತಿಗೆ. ಆದರೆ ಮನೆ ನೋಡಲು ಬಂದ ಹೆಂಗಸರು ಹೆಚ್ಚು ಹೊತ್ತು ನಿಂತದ್ದು ಅಲ್ಲೇ. ಬಸಳೆ, ಕರಿಬೇವು, ಹುಳಿಗೆ ಒಂದು ಬಿಂಬುಳಿ ಗಿಡ ಇದ್ದರೆ ನಾಳೆಯ ಅಡುಗೆ ಕಣ್ಣಿಗೆ ಕಾಣುತ್ತದೆ.

ಮಲ್ಲಿಗೆಯ ಮೇಲೆ ನನಗೆ ಪ್ರೀತಿ ಜಾಸ್ತಿ. ನಮ್ಮದು ಶಂಕರಪುರದ ಮಲ್ಲಿಗೆ, ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕ ಉಡುಪಿ ಮಲ್ಲಿಗೆ ಅಂದರೆ ಇದೇ. ಇಲ್ಲಿ ಅಟ್ಟೆ ಲೆಕ್ಕದಲ್ಲಿ ಮಾರಾಟ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಮ್ಮ ಈ ಗಿಡಗಳಿಂದಲೇ ನಮ್ಮ ಪುಸ್ತಕದ ಖರ್ಚು ನೋಡಿಕೊಂಡಿದ್ದರು. ಒಣ ಕಡ್ಡಿ ಸವರಿ, ಬುಡ ಬಿಡಿಸಿ ಗೊಬ್ಬರ ಕೊಟ್ಟೆ. ನೋಡಲು ಬಂದ ಒಬ್ಬರ ಅತ್ತೆ ಗಿಡದ ಚಿಗುರು ಮುಟ್ಟಿ, "ಇದು ಅಂಗಳದಲ್ಲೇ ಇದ್ದರೆ ನನಗೆ ಕೆಲಸ ಆಯಿತು ಮಾರಾಯ್ರೇ" ಅಂದರು. ಮನೆ ತೆಗೆದುಕೊಂಡದ್ದು ಅವರೇ. ರೇಟಿನಲ್ಲಿ ಚೌಕಾಸಿ ಮಾಡಿದರು, ಮಾಡದೆ ಇರುತ್ತಾರಾ? ಆದರೆ ಬಾವಿ, ಗಡಿ, ನೀರಿನ ದಾರಿ, ಈ ಮೂರರ ಹೆಸರಿನಲ್ಲಿ ಒಂದು ರೂಪಾಯಿ ಕಡಿಮೆ ಮಾಡಿ ಅನ್ನಲಿಲ್ಲ.

ಎರಡು ವಿಷಯ ಅಗ್ರಿಮೆಂಟ್‌ಗೆ ಮೊದಲೇ ಬಾಯಿಬಿಟ್ಟು ಹೇಳಿ. ತುಳಸಿಕಟ್ಟೆ ಇರಬೇಕಾ ಬೇಡವಾ ಅನ್ನುವುದು ಬರುವವರ ಇಷ್ಟ, ನೀವಾಗಿ ಒಡೆಯಬೇಡಿ. ಜಾಗದಲ್ಲಿ ನಾಗನ ಕಲ್ಲೋ ದೈವದ ಕಲ್ಲೋ ಇದ್ದರೆ ಮೊದಲ ದಿನವೇ ತೋರಿಸಿ, ಅದನ್ನು ಗಿಡದ ಹಿಂದೆ ಮರೆಮಾಡುವುದು ದೊಡ್ಡ ತಪ್ಪು. ಇನ್ನೊಂದು, ನೀವು ಕೊಂಡೊಯ್ಯುವ ಚಟ್ಟಿ (ಹೂಕುಂಡ) ಯಾವುದು, ಬಿಟ್ಟುಹೋಗುವ ಗಿಡ ಯಾವುದು ಅಂತ ಸ್ಪಷ್ಟ ಮಾಡಿ. ನಾನು ಎರಡು ಮಲ್ಲಿಗೆ ಗೆಲ್ಲು ಬೇರು ಬರಿಸಿ ತರುತ್ತೇನೆ ಅಂತ ಅವರಿಗೆ ಮೊದಲೇ ಹೇಳಿದ್ದೆ. ಏಪ್ರಿಲ್, ಮೇಯಲ್ಲಿ ಮನೆ ತೋರಿಸುವವರಾದರೆ ಗೊಂಡೆ, ಗಿಂಡೆ ಎಲ್ಲ ಬಿಡಿ. ತರಗೆಲೆ ಗುಡಿಸಿ ಗಿಡದ ಬುಡಕ್ಕೆ ಹಾಕಿ, ಬಾವಿಯ ನೀರಿನ ಮಟ್ಟ ಕಾಣುವ ಹಾಗೆ ಬಲೆ ಸರಿಸಿ ಇಡಿ.