ವೆರ್, ವೀಫ್ ಮತ್ತು ನನ್ನ ಉದ್ದಪುಸ್ತಕ

ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿದ್ದ ಹಳೆಯ ಇಂಗ್ಲಿಷನ್ನು ಗುರುವಿಲ್ಲದೆ ಕಲಿಯಲು ಕುಳಿತಾಗ ನಾನು ಮೊದಲು ಎಡವಿದ್ದು ಗಂಡು ಹೆಣ್ಣಿನ ಪದಗಳಲ್ಲಿ. 'ಮನ್' ಎಂದರೆ ಗಂಡಸು ಎಂದುಕೊಂಡೇ ಓದುತ್ತಿದ್ದೆ, ವಾಕ್ಯಗಳು ಕೂಡಿಬರಲಿಲ್ಲ. ಬಾಸ್‌ವರ್ತ್ ಮತ್ತು ಟಾಲರ್ ಅವರ ನಿಘಂಟನ್ನು ತೆರೆದ ಮೇಲೆ ತಿಳಿಯಿತು: ಆಗ 'ಮನ್' ಎಂದರೆ ಮನುಷ್ಯ, ಗಂಡಾಗಲಿ ಹೆಣ್ಣಾಗಲಿ. ಗಂಡಸು 'ವೆರ್', ಹೆಂಗಸು 'ವೀಫ್'. 'ವೀಫ್‌ಮನ್' ಸವೆದು ವುಮನ್ ಆಯಿತು. ವೆರ್ ಎಂಬುದು ನಮ್ಮ 'ವೀರ'ನ ದೂರದ ನೆಂಟ. ಇಂದು ಅದು ವೆರ್‌ವುಲ್ಫ್‌ನಲ್ಲಿದೆ, ಎಂದರೆ ಕತೆಗಳಲ್ಲಿ ಬರುವ ತೋಳಮನುಷ್ಯನಲ್ಲಿ. ಥಟ್ಟನೆ ಕಾಣದ ಹಾಗೆ ವರ್ಲ್ಡ್‌ನೊಳಗೂ ಇದೆ. ಗಂಡಸಿಗಿದ್ದ ಇನ್ನೊಂದು ಪದ 'ವ್ಯಾಪ್‌ಮನ್', ಆಯುಧವುಳ್ಳವನು. 899ರಲ್ಲಿ ತೀರಿಕೊಂಡ ದೊರೆ ಆಲ್ಫ್ರೆಡ್ ತನ್ನ ಉಯಿಲಿನಲ್ಲಿ ವಂಶದ ಗಂಡು ಕವಲನ್ನು ಈಟಿಯ ಕಡೆಯೆಂದೂ ಹೆಣ್ಣು ಕವಲನ್ನು ಕದಿರಿನ ಕಡೆಯೆಂದೂ ಕರೆದಿದ್ದಾನೆ. ಅದನ್ನು ಓದಿದ ದಿನ ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಆಮೇಲೆ ವ್ಯಾಕರಣ ಕಾಡಿತು. ವೀಫ್ ನಪುಂಸಕ ಲಿಂಗ, ವೀಫ್‌ಮನ್ ಪುಲ್ಲಿಂಗ! ಅರ್ಥ ನೋಡಿ ಅವನು, ಅವಳು ಎನ್ನುವ ನನಗೆ ಇದು ಒಗ್ಗಲಿಲ್ಲ. ಕೊನೆಗೆ ಕೈ ಹಿಡಿದದ್ದು ನಮ್ಮ 'ಮಗು'. ಮಗು ಅತ್ತಿತು ಎನ್ನುತ್ತೇವೆ, ಅದು ಹೆಣ್ಣೆಂದು ಗೊತ್ತಿದ್ದರೂ. ಹಳೆಯ ಇಂಗ್ಲಿಷಿನವರೂ ವೀಫ್ ಎಂದು ಶುರುಮಾಡಿ ಮುಂದಿನ ಮಾತಿನಲ್ಲಿ 'ಅವಳು' ಎಂದುಬಿಡುತ್ತಿದ್ದರು.

ಪ್ರಾಣಿಗಳಿಗಾಗಿ ಒಂದು ಉದ್ದಪುಸ್ತಕ ಮಾಡಿದೆ. ಗಂಡು, ಹೆಣ್ಣು, ಪಕ್ಕದಲ್ಲಿ ಕನ್ನಡದ ಜೋಡಿ. ರಮ್‌ಗೆ ಟಗರು, ಬುಕ್ಕಗೆ ಹೋತ ಸಲೀಸಾಗಿ ಕೂತವು. ಗಂಡು ಕುದುರೆ 'ಹೆಂಗೆಸ್ಟ್', ಹೆಣ್ಣು ಕುದುರೆ 'ಮೆರೆ'. ಇಲ್ಲಿ ನಮ್ಮಲ್ಲಿ ಬೇರೆ ಬೇರೆ ಪದಗಳಿಲ್ಲ, ಅವರಲ್ಲಿದ್ದವು. 'ಒಕ್ಸ'ದ ಎದುರು ಹೋರಿ ಎಂದು ಬರೆದಿದ್ದೆ. ಆ ಕಾಲದ ಕ್ರೈಸ್ತ ಸನ್ಯಾಸಿ ಎಲ್ಫ್ರಿಕ್ ಬರೆದ ಸಂಭಾಷಣೆಯಲ್ಲಿ ಉಳುವವನು ಬೆಳಗಾಗುತ್ತಲೇ ಅವನ್ನು ಹೊಲಕ್ಕೆ ಅಟ್ಟಿ ನೊಗಕ್ಕೆ ಹೂಡುವುದನ್ನು ಓದಿ, ಹೋರಿ ಎಂಬ ಪದವನ್ನು ಹೊಡೆದು ಹಾಕಿ ಎತ್ತು ಎಂದು ತಿದ್ದಿದೆ. ಗೂಳಿಗೆ ಅವರಲ್ಲಿ 'ಫೆಆರ್' ಎಂಬ ಬೇರೆಯೇ ಪದವಿತ್ತು.

ನನಗೆ ಬಹಳ ಪ್ರಿಯವಾದ ಪುಟ '-ಎಸ್ಟ್ರೆ' ಪ್ರತ್ಯಯದ್ದು. ಗ್ಯಾಂಗ್‌ಸ್ಟರ್ ನೆನಪಾಗಿ ಅದನ್ನು ಗಂಡಿನ ಗುರುತೆಂದೇ ನಂಬಿದ್ದೆ. ಅದು ನಮ್ಮ ಸೂಲಗಿತ್ತಿ, ಹೂವಾಡಗಿತ್ತಿಯರ '-ಗಿತ್ತಿ'ಯ ಹಾಗೆ! ರೊಟ್ಟಿ ಸುಡುವವಳು 'ಬ್ಯಾಕೆಸ್ಟ್ರೆ', ನೇಯುವವಳು 'ವೆಬ್ಬೆಸ್ಟ್ರೆ'. ಬ್ಯಾಕ್ಸ್‌ಟರ್, ವೆಬ್‌ಸ್ಟರ್ ಎಂಬ ಮನೆತನದ ಹೆಸರುಗಳು ಅಲ್ಲಿಂದ ಬಂದವು. ಹೆಣ್ಣಿನ ಅರ್ಥ ಮಾಸಿದ ಮೇಲೆ ಹೊಲಿಯುವವಳ ಹೆಸರಿಗೆ ಮತ್ತೊಂದು ಪ್ರತ್ಯಯ ಅಂಟಿಸಿ ಸೀಮ್‌ಸ್ಟ್ರೆಸ್ ಎಂದರು. ಹೆಣ್ಣಿನ ಗುರುತನ್ನು ಬಿಡದೆ ಉಳಿಸಿಕೊಂಡವಳು ಸ್ಪಿನ್‌ಸ್ಟರ್; ನೂಲುವವಳು ಮದುವೆಯಾಗದವಳಾದಳು.

ಕೊನೆಯ ಸಾಲು ಕೋಳಿಯದು. ಹುಂಜ 'ಹನ', ಎಂದರೆ ಹಾಡುವವನು. ಅವನಿಂದ ಹುಟ್ಟಿದ ಹೆಸರು 'ಹೆನ್'. ಇಂಗ್ಲಿಷಿನಲ್ಲಿ ಹನ ಅಳಿದುಹೋದ, ಹೆನ್ ಉಳಿದಳು. ಎದುರಿನ ಅಂಕಣದಲ್ಲಿ ಹುಂಜ, ಹೇಟೆ ಎಂದು ಬರೆದು ಅಡಿಗೆರೆ ಎಳೆದೆ.