ಕ್ಯಾಮೆರಾಗೆ ಕಣ್ಣಿಟ್ಟಿರುವಾಗ ಕರಡಿ ಎದುರಾದರೆ

ತುಮಕೂರಿನ ಸಮೀಪದ ದೇವರಾಯನದುರ್ಗಕ್ಕೆ ಭಾನುವಾರ ನಸುಕಿನಲ್ಲೇ ಹೊರಡುವ ಅನೇಕ ಛಾಯಾಗ್ರಾಹಕರು ಹುಡುಕುವುದು ಹಳದಿ ಕತ್ತಿನ ಪಿಕಳಾರವನ್ನು. ಬಂಡೆಯೂ ಕುರುಚಲು ಗಿಡವೂ ಕೂಡಿದ ಇಳಿಜಾರು ಆ ಹಕ್ಕಿಯ ನೆಲೆ; ಕರಡಿಗೂ ಬೇಕಾದದ್ದು ಅದೇ.

ಎರಡು ವರ್ಷದ ಹಿಂದೆ ಅಲ್ಲಿ ಮೊಣಕಾಲೂರಿ ಪಿಕಳಾರಕ್ಕೆ ಫೋಕಸ್ ಮಾಡುತ್ತಿದ್ದಾಗ, ಯಾರೋ ಬಿಸಿ ಕಾಫಿಯನ್ನು ಸೊರಸೊರ ಹೀರಿದಂತಹ ಸದ್ದು ಬಂಡೆಯ ಆಚೆಯಿಂದ ಕೇಳಿಬಂತು. ಜೊತೆಗೆ ಬಂದಿದ್ದ ಗೆಳೆಯನಿರಬೇಕೆಂದು ನಾನು ತಿರುಗಿಯೂ ನೋಡಲಿಲ್ಲ. ಫ್ಲಾಸ್ಕ್ ನನ್ನ ಚೀಲದಲ್ಲೇ ಇದೆಯೆಂಬುದು ನೆನಪಾಗಿ ತಲೆಯೆತ್ತಿದರೆ, ಇಪ್ಪತ್ತೈದು ಹೆಜ್ಜೆಯಾಚೆ ಹುತ್ತಕ್ಕೆ ಮೂತಿಯಿಟ್ಟಿದ್ದ ಕರಡಿಯ ಬೆನ್ನು ಕಾಣಿಸಿತು.

ಕರಡಿಗೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲುಗಳಿರುವುದಿಲ್ಲ. ಆ ಸಂದಿಯಿಂದ ಗೆದ್ದಲನ್ನು ಹೀರುವಾಗ ಹೊರಡುವ ಸದ್ದು ನೂರು ಮೀಟರಿನಾಚೆಗೂ ಕೇಳುತ್ತದೆಯಾದ್ದರಿಂದ, ಅದನ್ನು ಗುರುತಿಸಲು ಕಲಿಯುವುದೇ ಮೊದಲ ಕೆಲಸ. ಅದರ ಮೂಗು ಬಹಳ ಚುರುಕು, ದೃಷ್ಟಿ ಮಂದ. ಹುತ್ತ ಕೆದಕುವುದರಲ್ಲಿ ಮುಳುಗಿದ್ದಾಗ ಹತ್ತಿರ ಬಂದವರ ಅರಿವು ತಡವಾಗಿ ಆಗಿ, ಗಾಬರಿಯಲ್ಲಿ ಮೇಲೆ ಬೀಳುತ್ತದೆ. ಇತ್ತ 400 ಮಿಲಿಮೀಟರ್ ಲೆನ್ಸಿಗೆ ಕಣ್ಣಿಟ್ಟವರಿಗೆ ಕಾಣುವುದು ಸುಮಾರು 6 ಡಿಗ್ರಿಯಷ್ಟು ಜಗತ್ತು ಮಾತ್ರ. ಒಬ್ಬರನ್ನೊಬ್ಬರು ನೋಡದೆಯೇ ಹತ್ತಿರವಾಗುವುದರಿಂದಲೇ ಅಪಾಯ ಹುಟ್ಟುತ್ತದೆ.

ಆದ್ದರಿಂದ ಒಬ್ಬರೇ ಹೋಗಬೇಡಿ. ಒಬ್ಬರು ಚಿತ್ರ ತೆಗೆಯುವಾಗ ಇನ್ನೊಬ್ಬರು ಬರಿಗಣ್ಣಿನಿಂದ ಸುತ್ತ ನೋಡುತ್ತಿರಲಿ. ಕೂರುವ ಮುನ್ನ ಹೊಸದಾಗಿ ಕೆದಕಿದ ಹುತ್ತ, ಎಲಚಿ ಅಥವಾ ಕಕ್ಕೆ ಬೀಜಗಳು ತುಂಬಿದ ಹಿಕ್ಕೆ ಇವೆಯೇ ಎಂದು ಪರೀಕ್ಷಿಸಿ, ಇದ್ದರೆ ಜಾಗ ಬದಲಿಸಿ. ಬಂಡೆಗಳ ನಡುವಿನ ತಿರುವುಗಳಲ್ಲಿ ಸಹಜವಾಗಿ ಮಾತನಾಡುತ್ತಾ ನಡೆಯಿರಿ. ಹಕ್ಕಿ ಹಾರಿಹೋಗುತ್ತದೆ ಎಂಬ ತಕರಾರು ನನಗೂ ಗೊತ್ತು. ಹಕ್ಕಿ ಮತ್ತೆ ಬರುತ್ತದೆ.

ಕರಡಿ ಕಂಡೇಬಿಟ್ಟರೆ ಮೊದಲು ಕ್ಯಾಮೆರಾವನ್ನು ಕಣ್ಣಿನಿಂದ ಕೆಳಗಿಳಿಸಿ. ಅದು ನಿಮ್ಮನ್ನು ಗಮನಿಸಿಲ್ಲದಿದ್ದರೆ ಸದ್ದು ಮಾಡದೆ, ಬೆನ್ನು ತಿರುಗಿಸದೆ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಟ್ರೈಪಾಡ್ ಮಡಚುತ್ತಾ ಕೂರದೆ ಅಲ್ಲೇ ಬಿಡಿ. ಗಮನಿಸಿದ್ದರೆ ತಗ್ಗಿದ, ಸಮಾಧಾನದ ದನಿಯಲ್ಲಿ ಮಾತನಾಡುತ್ತಾ ನಿಧಾನವಾಗಿ ದೂರವಾಗಿ. ಓಟದಲ್ಲಿ ಅದನ್ನು ಮೀರಿಸಲಾಗದು. ಮರ ಹತ್ತುವುದೂ ಉಪಾಯವಲ್ಲ, ಏಕೆಂದರೆ ಕರಡಿಯೂ ಹತ್ತಬಲ್ಲದು. ಬೆನ್ನ ಮೇಲೆ ಮರಿಗಳನ್ನು ಹೊತ್ತ ತಾಯಿಯಾದರೆ ಅಂತರವನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಿ. ಮೈಮೇಲೆ ಬಿದ್ದೇಬಿಟ್ಟಾಗ ಕೊನೆಯ ಉಪಾಯವಾಗಿ ಬೋರಲಾಗಿ ಮಲಗಿ, ಎರಡು ಕೈಗಳನ್ನು ಹೆಣೆದು ಕತ್ತಿನ ಹಿಂಭಾಗವನ್ನು ಮುಚ್ಚಿಕೊಳ್ಳಬೇಕು, ಏಕೆಂದರೆ ಅದರ ಉಗುರು ಹೆಚ್ಚಾಗಿ ಹುಡುಕುವುದು ಮುಖ ಮತ್ತು ತಲೆಯನ್ನೇ. ಚೀಲ ಬೆನ್ನಿಗಿದ್ದರೆ ಕಳಚಬೇಡಿ.

ಚಿರತೆಯ ವಿಷಯದಲ್ಲಿ ಲೆಕ್ಕ ಬೇರೆ. ಅದರೆದುರು ಕುಕ್ಕರಿಸಬಾರದು, ಬಾಗಬಾರದು. ಎದ್ದು ನಿಂತು ಕೈಗಳನ್ನು ಮೇಲೆತ್ತಿ, ಗಟ್ಟಿಯಾಗಿ ಕೂಗುತ್ತಾ, ಅದರ ಮೇಲಿಟ್ಟ ಕಣ್ಣು ಕೀಳದೆ ಹಿಂದೆ ಸರಿಯಬೇಕು.

ಗಾಯ ಸಣ್ಣದೇ ಆದರೂ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ರೇಬಿಸ್ ಲಸಿಕೆಗಾಗಿ ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತ ಹೆಚ್ಚು ಹರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಅದುಮಿ ಹಿಡಿದು ತಕ್ಷಣ 108ಕ್ಕೆ ಕರೆ ಮಾಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಇನ್ನೊಂದು ಕೆಲಸ ಮನೆಗೆ ಬಂದ ಮೇಲಿನದು. ಕರಡಿಯ ಚಿತ್ರ ಸಿಕ್ಕಿದ್ದರೆ, ಹಂಚಿಕೊಳ್ಳುವ ಮುನ್ನ ಅದರಲ್ಲಿ ದಾಖಲಾಗಿರುವ ಸ್ಥಳದ ವಿವರವನ್ನು ಅಳಿಸಿಹಾಕಿ. ನನ್ನ ಗೆಳೆಯ ಹುತ್ತದ ಗುರುತನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದರಿಂದ ಮರುವಾರ ಅದೇ ಬಂಡೆಯ ಬುಡದಲ್ಲಿ ಏಳು ಟ್ರೈಪಾಡ್‌ಗಳು ನಿಂತಿದ್ದವು.